ಗುಜರಿಗೆ ಒಂದೂಕಾಲು ಕೇಜಿ, ಹರಾಜಿಗೆ ಸಾವಿರಾರು ಡಾಲರ್!

ಗುಜರಿ ಅಂಗಡಿಯ ತಕ್ಕಡಿಗೆ ಹಾಕಿದರೆ ಒಂದೂಕಾಲು ಕೇಜಿ ಕಬ್ಬಿಣ. ಅಮೆರಿಕದ ಹರಾಜಿನಲ್ಲಿ ಕೂಗಿದರೆ ಸಾವಿರಾರು ಡಾಲರ್. ಲೈಸೆನ್ಸ್ ಇಲ್ಲದೆ ನಿಮ್ಮ ಮನೆಯ ಅಟ್ಟದ ಮೇಲೆ ಸಿಕ್ಕಿತೋ, ಕಡಿಮೆಯೆಂದರೂ ಏಳು ವರ್ಷ ಜೈಲು. ಮೂರೂ ಒಂದೇ ವಸ್ತುವಿನ ಮಾತು ಸ್ವಾಮಿ!

ಆ ವಸ್ತುವಿನ ಹೆಸರು ವೆಬ್ಲಿ-ಫಾಸ್ಬರಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ 1901ರಿಂದ ಹೆಚ್ಚುಕಡಿಮೆ 1915ರವರೆಗೆ ತಯಾರಾದ ರಿವಾಲ್ವರ್. ತಯಾರಾದದ್ದು ಒಟ್ಟು ಐದು ಸಾವಿರಕ್ಕೂ ಕಡಿಮೆ. 4750 ಎನ್ನುವ ಲೆಕ್ಕ ಬಲ್ಲವರ ಬಾಯಲ್ಲಿ ಓಡಾಡುತ್ತದೆ. ಸೈನ್ಯ ಅದನ್ನು ಒಪ್ಪಲಿಲ್ಲ, ಯುದ್ಧ ಅದನ್ನು ಸಹಿಸಲಿಲ್ಲ, ಅಂಗಡಿಯಲ್ಲಿ ಕೊಳ್ಳುವವರು ಕಡಿಮೆಯಾದರು. ಸೋತ ಸರಕು. ಸೋತದ್ದಕ್ಕೇ ಈಗ ಅದಕ್ಕೆ ಬೆಲೆ. ಅದೇ ಕಂಪನಿಯ ಗೆದ್ದ ರಿವಾಲ್ವರುಗಳು ಲಕ್ಷಗಟ್ಟಲೆ ಇವೆ, ಸಂಗ್ರಹಕಾರರು ಅವುಗಳನ್ನು ಒಮ್ಮೆ ತಿರುಗಿಸಿ ನೋಡಿ ಕೆಳಗಿಡುತ್ತಾರೆ. ಇದನ್ನು ಕಂಡರೆ ಮಾತ್ರ ಕೈ ನಡುಗುತ್ತದೆ.

ಬರ್ಮಿಂಗ್‌ಹ್ಯಾಂ ರಿವಾಲ್ವರಿಗೂ ನಮ್ಮ ಬಸ್ ಸ್ಟ್ಯಾಂಡಿಗೂ ಏನ್ರೀ ಸಂಬಂಧ ಅಂತ ಕೇಳಬಹುದು. ಇದೆ. ಅದನ್ನು ಮಾಡಿದವನು ಇಂಡಿಯಾದ ಉಪ್ಪು ತಿಂದು, ಇಂಡಿಯಾದ ಬೆಟ್ಟದಲ್ಲಿ ಯುದ್ಧ ಕಲಿತವನು. ಇನ್ನು ಹಳೇ ಟ್ರಂಕು, ಅಜ್ಜನ ಪೆಟ್ಟಿಗೆ, ಬೀಗ ತೆಗೆಯದ ಕೋಣೆ ಇರುವ ಮನೆಗಳು ನಮ್ಮ ಜಿಲ್ಲೆಯಲ್ಲೂ ಕಡಿಮೆಯಿಲ್ಲ.

ಬೆಟ್ಟ ಹತ್ತಿದ ಲೆಫ್ಟಿನೆಂಟ್

ಜಾರ್ಜ್ ವಿನ್ಸೆಂಟ್ ಫಾಸ್ಬರಿ ಹುಟ್ಟಿದ್ದು 1832ರಲ್ಲಿ, ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯಲ್ಲಿ. 1852ರಲ್ಲಿ ಬೆಂಗಾಲ್ ಸೈನ್ಯಕ್ಕೆ ಸೇರಿದ. ಇಪ್ಪತ್ತರ ಹುಡುಗ. ಹನ್ನೊಂದು ವರ್ಷದ ಮೇಲೆ, 1863ರಲ್ಲಿ, ಬ್ರಿಟಿಷರು ವಾಯವ್ಯ ಗಡಿಯ ಅಂಬೇಲಾ ಕಣಿವೆಗೆ ನುಗ್ಗಿದರು. ಈಗ ಅದು ಪಾಕಿಸ್ತಾನದಲ್ಲಿದೆ. ಸುಲಭವಾಗಿ ಮುಗಿಸಿ ಬರುತ್ತೇವೆ ಅಂತ ಹೋದವರು ಅಲ್ಲೇ ತಿಂಗಳುಗಟ್ಟಲೆ ಸಿಕ್ಕಿಕೊಂಡರು.

ಕಣಿವೆಯ ಮೇಲೊಂದು ಕಡಿದಾದ ಬಂಡೆ. ಅದರ ಮೇಲೊಂದು ಕಾವಲು ಠಾಣೆ. ಅದು ಈ ಕಡೆಯವರ ಕೈಯಿಂದ ಆ ಕಡೆಯವರ ಕೈಗೆ, ಆ ಕಡೆಯಿಂದ ಈ ಕಡೆಗೆ ಹೋಗುತ್ತಲೇ ಇತ್ತು. ಪ್ರತಿ ಸಲವೂ ಹೆಣಗಳು. 1863ರ ಅಕ್ಟೋಬರ್ 30ರಂದು ಠಾಣೆ ಕೈತಪ್ಪಿತು. ವಾಪಸು ಹಿಡಿಯಲು ಹೊರಟವರಲ್ಲಿ ಫಾಸ್ಬರಿಯ ತುಕಡಿ ಒಂದು. ದಾರಿ ಎಷ್ಟು ಇಕ್ಕಟ್ಟೆಂದರೆ ಅಕ್ಕಪಕ್ಕ ಇಬ್ಬರಿಗಿಂತ ಹೆಚ್ಚು ಜನ ಹತ್ತುವಂತಿರಲಿಲ್ಲ. ತನ್ನ ಕಡೆಯಿಂದ ಮೊದಲು ತುದಿ ಮುಟ್ಟಿದವನು ಇವನೇ. ಅದಕ್ಕೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಆ ದಿನದ ಕೆಲಸಕ್ಕೆ ಪದಕ ಪಡೆದ ಇನ್ನೊಬ್ಬ ಪಿಚರ್ ಎಂಬ ಲೆಫ್ಟಿನೆಂಟ್. ಎದುರು ಬಂಡೆ ಕಾಯುತ್ತಿದ್ದ ಗುಡ್ಡದ ಜನರಿಗೆ ಯಾರು ಪದಕ ಕೊಡುತ್ತಾರೆ? ಆ ಲೆಕ್ಕ ಬೇರೆ, ಇವತ್ತಿನದಲ್ಲ.

ಯುದ್ಧ ಮುಗಿಸಿದ ಅಧಿಕಾರಿಗಳು ಸಾಮಾನ್ಯವಾಗಿ ಪೋಲೋ ಆಡುತ್ತಾರೆ, ಹುಲಿ ಹೊಡೆಯುತ್ತಾರೆ. ಫಾಸ್ಬರಿಗೆ ಕೋವಿಯ ಹುಚ್ಚು ಹಿಡಿಯಿತು. ಬಿದ್ದ ಕಡೆ ಸಿಡಿಯುವ ಗುಂಡಿನ ಪ್ರಯೋಗ ಇಂಡಿಯಾದಲ್ಲೇ ನಡೆಸಿದ. 1877ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತನಾದ. 1885ರಲ್ಲಿ ಒಂದು ಉಪಾಯಕ್ಕೆ ಪೇಟೆಂಟ್ ತೆಗೆದ: ನಳಿಗೆಯ ಒಳಗೆಲ್ಲ ನುಣುಪು, ಬಾಯಿಯ ಹತ್ತಿರ ಮಾತ್ರ ಸುರುಳಿ ಗೆರೆ. ಒಂದೇ ಕೋವಿಯಲ್ಲಿ ಹಕ್ಕಿಗೆ ಚರೆಯನ್ನೂ ಹೊಡೆಯಬಹುದು, ದೊಡ್ಡ ಮೃಗಕ್ಕೆ ಗುಂಡನ್ನೂ ಹೊಡೆಯಬಹುದು. ಅದನ್ನು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಕೊಂಡು 'ಪ್ಯಾರಡಾಕ್ಸ್' ಅಂತ ಹೆಸರಿಟ್ಟು ಮಾರಿತು. ಶಿಕಾರಿ ಪುಸ್ತಕ ಓದಿದವರಿಗೆ ಆ ಹೆಸರು ಗೊತ್ತಿರುತ್ತದೆ. ಅದು ಗೆದ್ದಿತು, ಹೆಸರು ಬಂತು. ಅಷ್ಟಕ್ಕೇ ಸುಮ್ಮನಿದ್ದರೆ ನಮಗೆ ಈ ಕತೆಯೇ ಇರುತ್ತಿರಲಿಲ್ಲ.

ಟಿಕ್ ಪೆನ್ನಿನ ಲೆಕ್ಕ

ಸಾಧಾರಣ ರಿವಾಲ್ವರಿನಲ್ಲಿ ಕೆಲಸವೆಲ್ಲ ಬೆರಳಿನದು. ಟ್ರಿಗರ್ ಎಳೆದರೆ ಆ ಬಲದಿಂದಲೇ ಗುಂಡಿನ ಉರುಳೆ ತಿರುಗಬೇಕು, ಕುದುರೆ ಹಿಂದಕ್ಕೆ ಏಳಬೇಕು. ಎಳೆತ ಬಿಗಿ, ಕೈ ಅಲುಗಾಡುತ್ತದೆ, ಗುರಿ ತಪ್ಪುತ್ತದೆ. ಇಲ್ಲವಾದರೆ ಪ್ರತಿ ಸಲವೂ ಹೆಬ್ಬೆರಳಿನಿಂದ ಕುದುರೆ ಎಳೆದುಕೊಳ್ಳಬೇಕು. ಗುಂಡು ಹಾರಿದಾಗ ಕೈಗೆ ಬಡಿಯುವ ಒದೆತ ಮಾತ್ರ ಸುಮ್ಮನೆ ವ್ಯರ್ಥ. ಆ ಒದೆತವನ್ನೇ ಕೂಲಿಗೆ ಹಚ್ಚಿದರೆ ಹೇಗೆ ಅಂತ ಫಾಸ್ಬರಿ ಯೋಚಿಸಿದ. 1895ರಲ್ಲಿ ಪೇಟೆಂಟ್. ಮೊದಲ ಪ್ರಯೋಗ ನಡೆದದ್ದು ಅಮೆರಿಕದ ಕೋಲ್ಟ್ ರಿವಾಲ್ವರಿನ ಮೇಲೆ. ಆಮೇಲೆ ಬರ್ಮಿಂಗ್‌ಹ್ಯಾಂನ ವೆಬ್ಲಿ ಅಂಡ್ ಸ್ಕಾಟ್ ಕಂಪನಿ ಕೈಗೆತ್ತಿಕೊಂಡಿತು. 1900ರಲ್ಲಿ ಬಿಸ್ಲಿಯ ಗುರಿ ಮೈದಾನದಲ್ಲಿ ಜನಕ್ಕೆ ತೋರಿಸಿದರು.

ನಿಮ್ಮ ಜೇಬಿನಲ್ಲಿ ಟಿಕ್ ಟಿಕ್ ಅನ್ನುವ ಪೆನ್ನಿದ್ದರೆ ಬಿಚ್ಚಿ ನೋಡಿ. ಒಳಗೆ ಹಲ್ಲು ಹಲ್ಲಾದ ಅಂಕುಡೊಂಕು ಅಂಚಿರುತ್ತದೆ. ಒತ್ತಿದರೆ ಒಂದಿಷ್ಟು ತಿರುಗುತ್ತದೆ, ಬಿಟ್ಟರೆ ಇನ್ನಷ್ಟು. ಈ ರಿವಾಲ್ವರಿನ ಉರುಳೆಯ ಮೈಮೇಲೂ ಸುತ್ತಲೂ ಅಂಥದೇ ಅಂಕುಡೊಂಕು ಗಾಡಿಗಳನ್ನು ಕೊರೆದಿದ್ದಾರೆ. ಕೆಳಗಿನ ಚೌಕಟ್ಟಿನಿಂದ ಮೇಲೆದ್ದ ಒಂದು ಮೊಳೆ ಆ ಗಾಡಿಯಲ್ಲಿ ಕೂತಿರುತ್ತದೆ. ಗುಂಡು ಹಾರಿತು ಅನ್ನಿ. ನಳಿಗೆ, ಉರುಳೆ ಎಲ್ಲ ಸೇರಿದ ಮೇಲಿನ ಅರ್ಧಭಾಗವೇ ಹಿಡಿಯ ಮೇಲೆ ಹಿಂದಕ್ಕೆ ಜಾರುತ್ತದೆ. ಮೊಳೆ ನಿಂತಲ್ಲೇ ನಿಂತಿರುವುದರಿಂದ ಗಾಡಿ ಅದನ್ನು ಅನುಸರಿಸಲೇಬೇಕು, ಉರುಳೆ ಅರ್ಧ ಮನೆ ತಿರುಗುತ್ತದೆ. ಅದೇ ಹೊತ್ತಿಗೆ ಕುದುರೆಯೂ ಎದ್ದು ನಿಲ್ಲುತ್ತದೆ. ಸ್ಪ್ರಿಂಗು ಎಲ್ಲವನ್ನೂ ಮುಂದಕ್ಕೆ ತಳ್ಳುವಾಗ ಉಳಿದರ್ಧ ತಿರುಗಿ ಮುಂದಿನ ತೋಟಾ ನಳಿಗೆಗೆ ನೇರವಾಗಿ ಬರುತ್ತದೆ. ಬೆರಳಿಗೆ ಉಳಿದದ್ದು ಟ್ರಿಗರನ್ನು ಮೆಲ್ಲಗೆ ಮುಟ್ಟುವ ಕೆಲಸ. ಮೊದಲ ಗುಂಡಿಗೆ ಮಾತ್ರ ಕೈಯಿಂದ ಸಿದ್ಧ ಮಾಡಿಕೊಳ್ಳಬೇಕು. ಹಾಗೆ ಎದ್ದ ಕುದುರೆ ತಾನಾಗಿ ಬೀಳದಿರಲಿ ಅಂತ ಎಡಗಡೆ ಒಂದು ಸೇಫ್ಟಿ ಕೀಲಿ. ರಿವಾಲ್ವರಿಗೆ ಸೇಫ್ಟಿ ಕೀಲಿ ಎಂಬುದೇ ಅಪರೂಪ.

ಕೆಲಸ ಮಾಡುತ್ತಿತ್ತೇ ಅಂದರೆ, ಭೇಷಾಗಿ ಮಾಡುತ್ತಿತ್ತು. ವಾಲ್ಟರ್ ವೈನನ್ಸ್ ಎಂಬ ಗುರಿಕಾರ, ಆಮೇಲೆ ಒಲಿಂಪಿಕ್ಸಿನಲ್ಲಿ ಗುರಿಗೂ ಶಿಲ್ಪಕ್ಕೂ ಚಿನ್ನ ಗೆದ್ದ ವಿಚಿತ್ರ ಮನುಷ್ಯ, 1902ರಲ್ಲಿ ಹನ್ನೆರಡು ಹೆಜ್ಜೆ ದೂರದಿಂದ ಆರು ಗುಂಡುಗಳನ್ನು ಏಳು ಸೆಕೆಂಡಿನೊಳಗೆ ಎರಡಿಂಚಿನ ಚುಕ್ಕೆಗೆ ಇಳಿಸಿ ತೋರಿಸಿದ. ಸೈನ್ಯದ ಮಾಮೂಲು .455 ತೋಟಾವೇ ಇದಕ್ಕೂ ಹಿಡಿಯುತ್ತಿದ್ದುದರಿಂದ ಕೈಯಲ್ಲಿ ಕಾಸಿದ್ದ ಅಧಿಕಾರಿಗಳು ಸ್ವಂತ ದುಡ್ಡು ಹಾಕಿ ಕೊಂಡರು. .38 ಬೋರಿನ, ಎಂಟು ಗುಂಡಿನ ಇನ್ನೊಂದು ಬಗೆಯನ್ನೂ ತಯಾರಿಸಿದರು. ಅದು ಬಹಳ ಕಡಿಮೆ ಬಂತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಸರಿನಲ್ಲಿ ಕೂತ ಎತ್ತು

ಹಾಗಾದರೆ ಸೋತದ್ದೇಕೆ?

ಒಂದು, ಹಿಡಿತ. ಸೈಕಲ್ ಪಂಪನ್ನು ಗಟ್ಟಿ ನೆಲಕ್ಕೆ ಊರಿ ಒತ್ತಿದರೆ ಗಾಳಿ ಹೋಗುತ್ತದೆ. ಹಾಸಿಗೆಯ ಮೇಲಿಟ್ಟು ಒತ್ತಿದರೆ ಪಂಪೇ ಒಳಗೆ ಹೋಗುತ್ತದೆ. ಇದೂ ಹಾಗೇ. ಮಣಿಕಟ್ಟು ಗಟ್ಟಿಯಾಗಿದ್ದರೆ ಮೇಲಿನ ಭಾಗ ಪೂರ್ತಿ ಜಾರುತ್ತದೆ. ಕೈ ಸಡಿಲವಾದರೆ ಅರ್ಧಕ್ಕೇ ನಿಲ್ಲುತ್ತದೆ. ಮೈದಾನದಲ್ಲಿ ನೆಟ್ಟಗೆ ನಿಂತು ಹೊಡೆಯುವವನಿಗೆ ತೊಂದರೆಯಿಲ್ಲ. ಗಾಯವಾದವನಿಗೆ, ಬಿದ್ದವನಿಗೆ, ಕುದುರೆ ಮೇಲೆ ಕೂತವನಿಗೆ?

ಎರಡನೆಯದು ಕೆಸರು. 1914ರಲ್ಲಿ ಮಹಾಯುದ್ಧ ಬಂತು. ಫ್ರಾನ್ಸಿನ ಕಂದಕಗಳಲ್ಲಿ ಮೊಣಕಾಲುದ್ದ ರಾಡಿ. ಉರುಳೆಯ ಮೇಲೆ ಬಯಲಿಗೆ ಬಿದ್ದಿದ್ದ ಗಾಡಿಗಳಿಗೂ, ಜಾರುವ ಹಳಿಗಳಿಗೂ ಮಣ್ಣು ಮೆತ್ತಿಕೊಂಡರೆ ಕತೆ ಮುಗಿಯಿತು. ಗದ್ದೆಯಲ್ಲಿ ಕೂತ ಎತ್ತಿನ ಹಾಗೆ, ಎಷ್ಟು ಹೊಡೆದರೂ ಏಳದು. ಅದೇ ವೆಬ್ಲಿ ಕಂಪನಿಯ ಸಾದಾ ರಿವಾಲ್ವರು, 1915ರಲ್ಲಿ ಸೈನ್ಯ ಒಪ್ಪಿಕೊಂಡ ಆರನೇ ಮಾರ್ಕು, ಕೆಸರಿನಿಂದ ಎತ್ತಿ ಒದರಿದರೂ ಹೊಡೆಯುತ್ತಿತ್ತು.

ಅಷ್ಟರಲ್ಲಿ ಆಟೋಮ್ಯಾಟಿಕ್ ಪಿಸ್ತೂಲುಗಳೂ ಬಂದಿದ್ದವು. ಜರ್ಮನಿಯ ಮೌಸರ್, ಲೂಗರ್, ಅಮೆರಿಕದ ಕೋಲ್ಟ್. ಹಗುರ, ಚಪ್ಪಟೆ, ಬೇಗ ತುಂಬಬಹುದು. ಮೌಸರ್ ಅಂದ ಮೇಲೆ ಒಂದು ಮಾತು ಹೇಳಲೇಬೇಕು: 1914ರ ಆಗಸ್ಟ್ 26ರಂದು ಕಲ್ಕತ್ತೆಯ ರೋಡಾ ಕಂಪನಿಗೆ ಬಂದ ಸರಕಿನಲ್ಲಿ 50 ಮೌಸರ್ ಪಿಸ್ತೂಲುಗಳನ್ನೂ 46,000 ತೋಟಾಗಳನ್ನೂ ಬಂಗಾಳದ ಕ್ರಾಂತಿಕಾರರು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಹೊರಟೇ ಹೋದರು. ಹೊಸ ಕಾಲದ ಆಯುಧ ಯಾವುದು ಅಂತ ಅವರಿಗೂ ಗೊತ್ತಿತ್ತು. ಫಾಸ್ಬರಿಯ ರಿವಾಲ್ವರು ಮಾತ್ರ ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿತ್ತು. ರಿವಾಲ್ವರಿನ ಗಟ್ಟಿತನವೂ ಇಲ್ಲ, ಪಿಸ್ತೂಲಿನ ಚುರುಕೂ ಇಲ್ಲ. ಪುಣ್ಯಕ್ಕೆ ಅವನು ಅದನ್ನು ನೋಡಲಿಲ್ಲ. 1907ರಲ್ಲೇ ಬಾತ್ ಪಟ್ಟಣದಲ್ಲಿ ತೀರಿಕೊಂಡಿದ್ದ. ಕಂಪನಿಯ ಪಟ್ಟಿಯಲ್ಲಿ ಹೆಸರು 1920ರ ದಶಕದವರೆಗೂ ಇತ್ತು. ಉಳಿದ ಸರಕು ಮಾರಿ ಮುಗಿಸಬೇಕಲ್ಲ!

ಸತ್ತ ಸರಕಿಗೆ ಮರುಜೀವ ಕೊಟ್ಟದ್ದು ಕತೆಗಾರ. 1930ರಲ್ಲಿ ಡ್ಯಾಶಿಯಲ್ ಹ್ಯಾಮೆಟ್ ಬರೆದ 'ದಿ ಮಾಲ್ಟೀಸ್ ಫಾಲ್ಕನ್' ಪತ್ತೇದಾರಿ ಕಾದಂಬರಿಯಲ್ಲಿ ಪತ್ತೇದಾರನ ಪಾಲುದಾರನನ್ನು ಕೊಂದ ಆಯುಧ ಇದೇ. ಕಾದಂಬರಿಯಲ್ಲಿ .38, ಎಂಟು ಗುಂಡು ಅಂತ ಸರಿಯಾಗಿಯೇ ಇದೆ. 1941ರ ಸಿನಿಮಾದಲ್ಲಿ ಹಂಫ್ರಿ ಬೋಗಾರ್ಟ್ ಬಾಯಲ್ಲಿ ಅದು 45 ಬೋರು, ಎಂಟು ಗುಂಡು ಆಗಿಬಿಟ್ಟಿತು. ಅಂಥದ್ದು ಇರಲೇ ಇಲ್ಲ. ದೊಡ್ಡ ಬೋರಿನದಕ್ಕೆ ಆರೇ ಗುಂಡು. ಈ ತಪ್ಪನ್ನು ಎತ್ತಿ ತೋರಿಸುವುದೆಂದರೆ ಸಂಗ್ರಹಕಾರರಿಗೆ ಹಬ್ಬದೂಟ. 1974ರ 'ಝಾರ್ಡೋಜ್' ಸಿನಿಮಾದಲ್ಲಿ ಶಾನ್ ಕಾನರಿ ಹಿಡಿದದ್ದೂ ಇದನ್ನೇ.

ಹುಣಸೆಹಣ್ಣು ಹಾಕಿ ತಿಕ್ಕಬೇಡಿ

ಸಂಗ್ರಹಕಾರ ಏನು ನೋಡುತ್ತಾನೆ? ಚಿನ್ನದಂಗಡಿಯವನು ಒಡವೆ ತಿರುಗಿಸಿದ ಹಾಗೆ ನೋಡುತ್ತಾನೆ. 1901ರ ಮಾದರಿಯೋ, ಆಮೇಲಿನದೋ. ನಳಿಗೆ ನಾಲ್ಕು ಇಂಚೋ, ಆರೋ, ಗುರಿಕಾರರ ಏಳೂವರೆಯೋ. .38 ಆಗಿದ್ದರೆ ಉಸಿರು ಬಿಗಿಹಿಡಿಯುತ್ತಾನೆ. ಆ ಮೇಲೆ ನಂಬರು: ಚೌಕಟ್ಟಿನ ನಂಬರೂ ಉರುಳೆಯ ನಂಬರೂ ಹೊಂದಬೇಕು. ಇಲ್ಲವಾದರೆ ಎಲ್ಲೋ ಎರಡು ಮುರುಕು ಸೇರಿಸಿ ಒಂದು ಮಾಡಿದ್ದಾರೆ ಅಂತ ಅರ್ಥ. ಹಳೇ ವೆಬ್ಲಿಗಳಲ್ಲಿ ಎಷ್ಟೋ ಅಮೆರಿಕಕ್ಕೆ ಹೋದಾಗ ಅಲ್ಲಿ ಸಿಗುವ ತೋಟಾ ಹಿಡಿಯಲಿ ಅಂತ ಉರುಳೆಯ ಹಿಂಭಾಗವನ್ನು ಕೆರೆದುಬಿಟ್ಟಿದ್ದಾರೆ. ಹಾಗೆ ಕೆರೆದದ್ದಕ್ಕೆ ಬೆಲೆ ಅರ್ಧ ಬಿತ್ತು ಅನ್ನಿ. ಹಳೇ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಮಾಡಿ ತಂದವನನ್ನು ನಾಣ್ಯದ ವ್ಯಾಪಾರಿ ಹೇಗೆ ನೋಡುತ್ತಾನೋ, ಹೊಸದಾಗಿ ಬಣ್ಣ ಕಟ್ಟಿಸಿದ ಫಾಸ್ಬರಿ ತಂದವನನ್ನು ಇವರೂ ಹಾಗೇ ನೋಡುತ್ತಾರೆ.

ಎಲ್ಲಕ್ಕಿಂತ ಬೇಕಾದದ್ದು ಹೆಸರು. ಅಧಿಕಾರಿಗಳು ತಮ್ಮ ಹೆಸರು, ರೆಜಿಮೆಂಟು ಕೆತ್ತಿಸುತ್ತಿದ್ದರು. ಮಾರಿದ ಅಂಗಡಿಯ ಹೆಸರೂ ಇರಬಹುದು. ಆ ಕಾಲದ ಅಧಿಕಾರಿಗಳು ಸಾಮಾನು ಕೊಳ್ಳುತ್ತಿದ್ದ ಆರ್ಮಿ ಅಂಡ್ ನೇವಿ ಅಂಗಡಿಗೆ ಬೊಂಬಾಯಿ, ಕಲ್ಕತ್ತೆಗಳಲ್ಲೂ ಶಾಖೆಗಳಿದ್ದವು. ಎರಡು ಸಾಲು ಅಕ್ಷರ ಇದ್ದರೆ ಯಾರು, ಎಲ್ಲಿ, ಯಾವಾಗ ಅಂತ ಬೆನ್ನು ಹತ್ತಬಹುದು. ಆಗ ಕಬ್ಬಿಣಕ್ಕೆ ಜಾತಕ ಬರುತ್ತದೆ.

ಇದೆಲ್ಲ ಕಾನೂನು ಬಿಟ್ಟಷ್ಟು ದೂರ ಮಾತ್ರ. ಅಮೆರಿಕದ 1968ರ ಕಾಯ್ದೆಯಲ್ಲಿ 1898ರೊಳಗೆ ತಯಾರಾದದ್ದಕ್ಕೆ ಪುರಾತನ ವಸ್ತು ಅಂತ ರಿಯಾಯಿತಿ. ಫಾಸ್ಬರಿ ಮೂರು ವರ್ಷ ತಡವಾಗಿ ಹುಟ್ಟಿತು! ಆದರೂ ಅಲ್ಲಿ ಹಳೇ ಆಯುಧ ಸಂಗ್ರಹಕ್ಕೆಂದೇ ಬೇರೆ ಲೈಸೆನ್ಸ್ ಇದೆ. ಹುಟ್ಟಿದ ಊರಾದ ಬ್ರಿಟನ್ನಿನಲ್ಲಿ ಕತೆ ಬೇರೆ. 1996ರ ಮಾರ್ಚಿಯಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಗೆ ನುಗ್ಗಿದ ಒಬ್ಬ 16 ಮಕ್ಕಳನ್ನೂ ಅವರ ಟೀಚರನ್ನೂ ಕೊಂದ. ಮರುವರ್ಷ ಕೈಪಿಸ್ತೂಲುಗಳಿಗೆ ನಿಷೇಧ ಬಂತು. ಜನ ತಂದು ಒಪ್ಪಿಸಿದ್ದು ಸುಮಾರು 1,62,000. ಬಹುಪಾಲು ಕುಲುಮೆಗೆ ಹೋಯಿತು. ಸಂಗ್ರಹಕಾರರು ಅತ್ತರು. ನನ್ನ ಮಟ್ಟಿಗೆ ಹೇಳುವುದಾದರೆ, ಹದಿನಾರು ಮಕ್ಕಳ ಎದುರು ಯಾವ ಸಂಗ್ರಹದ ಮಾತನ್ನೂ ಎತ್ತುವ ಹಾಗಿಲ್ಲ. ಹಾಗಿದ್ದೂ ಅಲ್ಲಿನ ಕಾಯ್ದೆ ಒಂದು ಕಿಟಕಿ ಬಿಟ್ಟಿತು: 1919ಕ್ಕೆ ಮುಂಚಿನ, ಇತಿಹಾಸದ ಮಹತ್ವವಿರುವ ಪಿಸ್ತೂಲುಗಳನ್ನು ಬಿಗಿ ಷರತ್ತಿನ ಮೇಲೆ ಇಟ್ಟುಕೊಳ್ಳಬಹುದು. ಕೆಲವನ್ನು ಮನೆಯಲ್ಲಲ್ಲ, ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಇಡಬೇಕು. ಅಂಥ ಜಾಗಗಳಲ್ಲಿ ಒಂದು ಬಿಸ್ಲಿ. ಫಾಸ್ಬರಿ ಮೊದಲು ಜನರ ಕಣ್ಣಿಗೆ ಬಿದ್ದ ಮೈದಾನವೇ.

ಅಜ್ಜನ ಟ್ರಂಕು, ಮೊಮ್ಮಗನ ಜೈಲು

ಈಗ ನಮ್ಮ ಮನೆಗೆ ಬರೋಣ. ಬೆಂಗಳೂರಿನಲ್ಲಿ ದಂಡು ಇತ್ತು, ಮಲೆನಾಡಿನಲ್ಲಿ ಕಾಫಿ ತೋಟದ ದೊರೆಗಳಿದ್ದರು, ಕೋಲಾರದಲ್ಲಿ ಚಿನ್ನದ ಗಣಿಯ ಸಾಹೇಬರಿದ್ದರು. ಹೊರಡುವಾಗ ಬಿಟ್ಟುಹೋದ ಸಾಮಾನಿಗೆ ಲೆಕ್ಕವಿಟ್ಟವರು ಯಾರು? ಅದರಲ್ಲಿ ಫಾಸ್ಬರಿ ಇದೆ ಅಂತ ನಾನು ಹೇಳುತ್ತಿಲ್ಲ. ಹಳೇ ವೆಬ್ಲಿ ಯಾವುದಾದರೂ ಇರಬಹುದು. ಕಾನೂನಿಗೆ ಎರಡೂ ಒಂದೇ.

ನಮ್ಮ 1959ರ ಆಯುಧ ಕಾಯ್ದೆಯಲ್ಲಿ .455 ಬೋರು ನಿಷೇಧಿತ ಪಟ್ಟಿಯಲ್ಲಿದೆ. ಸೈನ್ಯದ ತೋಟಾ ಹಿಡಿಯುವ ಬೋರು ಖಾಸಗಿಯವರಿಗೆ ಬೇಡ ಎನ್ನುವುದು ಲೆಕ್ಕಾಚಾರ. ಅದಕ್ಕೇ ನಮ್ಮಲ್ಲಿ ಲೈಸೆನ್ಸಿನವರ ಸೊಂಟದಲ್ಲಿ ಕಾಣುವುದು ಕಾನ್ಪುರದ .32 ರಿವಾಲ್ವರು. ಅದೂ ವೆಬ್ಲಿಯ ವಂಶವೇ ಅನ್ನಿ. ನಿಷೇಧಿತ ಆಯುಧಕ್ಕೆ ಲೈಸೆನ್ಸ್ ಡೀಸಿ ಆಫೀಸಿನಲ್ಲಿ ಸಿಗದು, ಡೆಲ್ಲಿಯ ಗೃಹ ಖಾತೆಯೇ ಕೊಡಬೇಕು. ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 7 ವರ್ಷ, ಗರಿಷ್ಠ 14. ಅದೇ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಸರ್ಕಾರ ಒಂದಕ್ಕೇ ಇಳಿಸಲು ಹೊರಟಿತ್ತು, ವಂಶದ ಕೋವಿ ಏನು ಮಾಡೋಣ ಅಂತ ಗಲಾಟೆಯಾದ ಮೇಲೆ ಎರಡು ಆಯಿತು. ತಾತನಿಂದ ಬಂದದ್ದೂ ಆ ಎರಡರ ಲೆಕ್ಕದಲ್ಲೇ ಬರಬೇಕು.

'ನೂರು ವರ್ಷದ ಹಳೇ ಕಬ್ಬಿಣ ಸಾರ್, ಅದಕ್ಕೂ ಲೈಸೆನ್ಸಾ?' ಅಂತ ಕೇಳುವವರಿಗೆ ಕಾಯ್ದೆಯ 45ನೇ ಕಲಂ ಉತ್ತರ ಕೊಡುತ್ತದೆ. ಹಳೇ ಮಾದರಿಯದೋ, ಪುರಾತನ ಬೆಲೆಯದೋ, ಕೆಟ್ಟು ಕೂತದ್ದೋ ಆಗಿದ್ದು, ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬಾರದಂತಿದ್ದರೆ ಮಾತ್ರ ರಿಯಾಯಿತಿ. 'ರಿಪೇರಿ ಮಾಡಿದರೂ' ಎನ್ನುವ ಮಾತನ್ನು ಎರಡು ಸಲ ಓದಿ. ಸ್ಪ್ರಿಂಗು ಮುರಿದಿದೆ, ತುಕ್ಕು ಹಿಡಿದಿದೆ ಅನ್ನುವುದು ಸಾಲದು. ಹಾಗಂತ ನೀವೇ ವೆಲ್ಡಿಂಗ್ ಅಂಗಡಿಗೆ ಒಯ್ದು ನಳಿಗೆ ಮುಚ್ಚಿಸಲು ಹೋದಿರೋ, ದಾರಿಯಲ್ಲೇ ಸಿಕ್ಕಿಬೀಳುತ್ತೀರಿ. ಸಂಗ್ರಹದ ಬೆಲೆಯೂ ಹೋಯಿತು.

ಅದಕ್ಕೇ ಹೆದರಿ ರಾತ್ರೋರಾತ್ರಿ ಹಾಳು ಬಾವಿಗೆ ಎಸೆಯುವವರುಂಟು. ಬಾವಿಯ ಹೂಳು ಎತ್ತಿದ ದಿನ ಅದು ಇನ್ಯಾರದೋ ಕೈಗೆ ಹೋಗುತ್ತದೆ. ಇನ್ನು ಕೆಲವರು 'ಪಾರ್ಟಿ' ಹುಡುಕುತ್ತಾರೆ. ಅಕ್ಕಿ ಎಳೆಯುವ ಚೊಂಬು, ಕೋಟಿ ಬೆಲೆಯ ನಾಣ್ಯ ಅಂತ ಟೋಪಿ ಹಾಕುವ ಜನಕ್ಕೆ ಹಳೇ ರಿವಾಲ್ವರು ಸಿಕ್ಕರೆ ಬಿಡುತ್ತಾರೆಯೇ? ಅಮೆರಿಕದ ಹರಾಜಿನ ಡಾಲರು ಇಲ್ಲಿಗೆ ಬರುವುದಿಲ್ಲ. ಲೈಸೆನ್ಸ್ ಇಲ್ಲದ ಮಾರಾಟವೇ ಅಪರಾಧ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸದಂತೆ 1972ರ ಕಾಯ್ದೆ ಬೇರೆ ತಡೆಹಾಕಿದೆ.

ದಾರಿ ಒಂದೇ. ಮನೆಯ ಹಿರಿಯರು ತೀರಿಕೊಂಡ ಮೇಲೆ ಆಯುಧ ಸಿಕ್ಕಿದರೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನಂಗಡಿಯಲ್ಲೋ ಡಿಪಾಸಿಟ್ ಮಾಡಬೇಕು ಅಂತ ಅದೇ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಮೊದಲು ಒಬ್ಬ ವಕೀಲರನ್ನು ಕಂಡು, ಅರ್ಜಿ ಬರೆಸಿಕೊಂಡು ಹೋಗಿ. ಹಳೇ ಲೈಸೆನ್ಸ್ ಪುಸ್ತಕ ಅದೇ ಟ್ರಂಕಿನ ತಳದಲ್ಲಿರಬಹುದು, ಹುಡುಕಿ. ಡಿಪಾಸಿಟ್ ಮಾಡಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ.

ರಸೀದಿಯಲ್ಲಿ 'ಹಳೇ ರಿವಾಲ್ವರ್ ಒಂದು' ಅಂತ ಬರೆಸಿ ಸುಮ್ಮನಾಗಬೇಡಿ. ಹಾಗೆ ಬರೆದ ಸಾಮಾನು ವಾರಸುದಾರರಿಲ್ಲದೆ ವರ್ಷಗಟ್ಟಲೆ ಕೂತು ಕೊನೆಗೆ ಕುಲುಮೆ ಸೇರುತ್ತದೆ. ಕಂಪನಿಯ ಹೆಸರು, ನಂಬರು, ಮೈಮೇಲೆ ಕೆತ್ತಿದ ಅಕ್ಷರ ಒಂದೊಂದನ್ನೂ ಬರೆಸಿ. ಉರುಳೆ ನುಣ್ಣಗಿದೆಯೋ, ಉದ್ದುದ್ದ ನೇರ ಗಾಡಿಗಳಿವೆಯೋ ನೋಡಿ. ಅವು ಸಾದಾ ರಿವಾಲ್ವರುಗಳು. ಸುತ್ತಲೂ ಅಂಕುಡೊಂಕು ಗಾಡಿ ಕಂಡರೆ ಠಾಣೆಯ ಸಾಹೇಬರಿಗೆ ಅದನ್ನು ತೋರಿಸಿ, ವಸ್ತು ಸಂಗ್ರಹಾಲಯಕ್ಕೆ ಕೊಡಲು ಒಪ್ಪಿಗೆಯಿದೆ ಅಂತ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ. ಐದು ಸಾವಿರಕ್ಕೂ ಕಡಿಮೆ ಹುಟ್ಟಿ, ಅದರಲ್ಲೂ ಎಷ್ಟೋ ಕರಗಿಹೋದ ಜಾತಿ ಅದು.

ವೆಬ್ಲಿ ಅಂಡ್ ಸ್ಕಾಟ್ ಹೆಸರು ಮತ್ತೆ ಇಂಡಿಯಾಕ್ಕೆ ಬಂದಿದೆ. ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ, ಲಕ್ನೋದ ಕಂಪನಿಯೊಂದರ ಜೊತೆಗೂಡಿ .32 ರಿವಾಲ್ವರ್ ತಯಾರಿಸುವುದಾಗಿ 2020ರಲ್ಲಿ ಸಾರಿದರು. ಸಾದಾ ರಿವಾಲ್ವರೇ. ಅಂಕುಡೊಂಕು ಗಾಡಿಯ ಗೊಡವೆಗೆ ಅವರು ಹೋಗಿಲ್ಲ.